ಪೆಟ್ಟಿನ ಕಾರಣ

ಫಾರಂನ 'ಪೆಟ್ಟಿನ ಕಾರಣ' ಎಂಬ ಜಾಗದಲ್ಲಿ ಏನು ಬರೆಯುವುದು? ಖಾಲಿ ಬಿಟ್ಟರೆ ಮೇಡಂ ಕೇಳುತ್ತಾರೆ, ಬರೆದರೆ ಓದುತ್ತಾರೆ. ಲೋಹಿತ್ ಪೆನ್ನು ಕೆಳಗಿಟ್ಟು, ಅಣ್ಣ ಕೆಂಪರಾಜನ ಬಲಮಂಡಿಗೆ, ಕ್ಯಾಮೆರಾ ಗುರುತು ಹಿಡಿಯಲೆಂದು, ಹೊಳೆಯುವ ಪುಟ್ಟ ಗುಂಡೊಂದನ್ನು ಅಂಟಿಸಿದ. ಅಲ್ಲಿದ್ದ ಹಳೆಯ ಹೊಲಿಗೆಯ ಗುರುತು ಬೆರಳಿಗೆ ತಾಕದಂತೆ ನೋಡಿಕೊಂಡ. ಮನುಷ್ಯರ ನಡಿಗೆಯನ್ನು ಅಳೆಯುವ ಪಿಎಚ್‌.ಡಿ.ಗೆ ಇದ್ದದ್ದು ಒಂದೇ ಸೀಟು. ಅದಕ್ಕಾಗಿ ಇವತ್ತು, ಆಯ್ಕೆ ಮಾಡುವ ಪ್ರೊಫೆಸರ್ ಮೇಡಂ ಎದುರು ಒಬ್ಬರ ನಡಿಗೆ ಅಳೆದು ತೋರಿಸಬೇಕಿತ್ತು.

"ದೃಷ್ಟಿಬೊಟ್ಟು ಇಟ್ಟಂಗೆ ಇಡ್ತಿದೀಯಲ್ಲ ಕಣ್ಲಾ," ಎಂದು ಕೆಂಪರಾಜ ನಕ್ಕ. ಕೊಣನೂರಿನಿಂದ ಮೊದಲ ಬಸ್ಸಿಗೇ ಬಂದು, ಇಸ್ತ್ರಿ ಮಾಡಿದ ಪಂಚೆ ಬಿಚ್ಚಿಟ್ಟು ಚಡ್ಡಿಯಲ್ಲಿ ನಿಂತಿದ್ದ. "ಈ ಕುಂಟುಗಾಲ್ಗೆ ಯಾರ್ ಕಣ್ಣು ಬಿದ್ದಾತ್ಲಾ?"

ಮೇಡಂ ಕೂಡ ನಕ್ಕರು. "ಅಣ್ಣನ ನಡಿಗೆ ನೋಡಿಯೇ ಈ ಸಂಶೋಧನೆಗೆ ಮನಸ್ಸಾಯ್ತು ಅಂತ ಅರ್ಜಿಯಲ್ಲಿ ಬರೆದಿದ್ರಿ, ತುಂಬಾ ಹಿಡಿಸ್ತು. ಪೆಟ್ಟಾಗಿದ್ದು ಹೇಗೆ, ಲೋಹಿತ್?"

ಲೋಹಿತ್ ಬಗ್ಗಿ ಇನ್ನೊಂದು ಗುಂಡು ಎತ್ತಿಕೊಂಡ.

"ಹೊಲದ್ ಬದಿನ್ ಮ್ಯಾಲಿಂದ ಜಾರ್ಬುಟ್ಟೆ ಮೇಡಮ್ಮೋರೆ," ಎಂದ ಕೆಂಪರಾಜ, ತಮ್ಮನ ಕಡೆ ನೋಡದೆ. ಹದಿನಾಲ್ಕು ವರ್ಷದ ಹಿಂದೆ ಅಪ್ಪನಿಗೂ ಅವನು ಇದನ್ನೇ ಹೇಳಿದ್ದ. "ಆಗ ಇವ್ನು ಇನ್ನೂ ಚಿಕ್ಕೋನು. ಅತ್ತೂ ಅತ್ತೂ ಜ್ವರ ಬರಿಸ್ಕಂಬುಟ್ಟ."

ಮೇಡಂ ಫಾರಂ ಕಡೆ ಕೈ ತೋರಿಸಿದರು. ಲೋಹಿತ್ 'ಬದುವಿನಿಂದ ಜಾರಿ ಬಿದ್ದದ್ದು' ಎಂದು ದುಂಡಗೆ ಬರೆದ. ಅಣ್ಣ ಕ್ಯಾಮೆರಾಗಳ ನಡುವೆ ಕುಂಟುತ್ತ ನಡೆದ; ಪರದೆಯ ಮೇಲೆ ಗುಂಡುಗಳೆಲ್ಲ ಒಂದೇ ಕಡೆಗೆ ವಾಲಿದವು. ಪೆಟ್ಟಾದ ದಿನ ಅಣ್ಣ ಬೇಡವೆಂದರೂ ಕೇಳದೆ ಟ್ರ್ಯಾಕ್ಟರ್ ಏರಿ, ಅದನ್ನು ಹಿಂದಕ್ಕೆ ಬಿಟ್ಟು ಅಣ್ಣನ ಕಾಲಿನ ಮೇಲೆ ಹತ್ತಿಸಿದವನು ತಾನು ಎಂದು ಲೋಹಿತ್ ಯಾರಿಗೂ ಹೇಳಲಿಲ್ಲ.