ಪುಸ್ತಕದಲ್ಲಿ ಬರೆದ ನಿದ್ದೆ

ಲಾರಿಯ ಲಾಗ್‌ಬುಕ್ ತಿರುವುತ್ತಿದ್ದ ಚೆಕ್‌ಪೋಸ್ಟಿನ ಇನ್ಸ್‌ಪೆಕ್ಟರಮ್ಮನ ಬೆರಳು ಒಂದು ಸಾಲಿನ ಮೇಲೆ ನಿಂತುಬಿಟ್ಟಿತು.

"ಈಗ ಟೈಮೆಷ್ಟು?"

"ರಾತ್ರಿ ಹನ್ನೆರಡೂವರೆ, ಮೇಡಂ," ಎಂದ ಡ್ರೈವರ್, ಸೀಟಿನಿಂದಲೇ.

"ಹನ್ನೆರಡರಿಂದ ನಾಲ್ಕರವರೆಗೆ ನಿದ್ದೆ ಅಂತ ಬರ್ದಿದ್ದೀರಿ. ಅಂದ್ರೆ ಈಗ ನೀವು ಮಲಗಿದ್ದೀರಿ, ಅಲ್ವಾ?"

ಡ್ರೈವರನ ಮುಖ ಕಪ್ಪಿಟ್ಟಿತು. ಹಗಲು-ರಾತ್ರಿಯ ಲೆಕ್ಕವನ್ನೆಲ್ಲ ಬೆಳಿಗ್ಗೆಯೇ ಒಂದೇ ಉಸಿರಿಗೆ ಗೀಚಿ ಮುಗಿಸಿದ್ದಾನೆಂದು ಆಕೆಗೆ ತಿಳಿದುಹೋಯಿತು. ಲಾರಿಯ ಮೆಟ್ಟಿಲು ಹತ್ತಿ ಕೀ ಕಿತ್ತುಕೊಂಡಳು. "ನಾಲ್ಕಕ್ಕೆ ಬಂದು ಇಸ್ಕೊಳ್ಳಿ. ಬರೆದಿದ್ದು ನಿಜ ಆಗ್ಲಿ."

"ಅಯ್ಯೋ, ಹೊಟ್ಟೆ ಮೇಲೆ ಹೊಡೀಬೇಡಿ ಮೇಡಂ! ನಂಗೆ ನಿದ್ದೆನೇ ಬರ್ತಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಓಡಿಸ್ತೀನಿ..." ಎನ್ನುತ್ತ ಅವನು ಸ್ಟೇರಿಂಗಿಗೆ ಹಣೆ ಆನಿಸಿದ.

ಮುಂದಿನ ಮಾತಿಗೆ ಕಾದಳು. ಬಂದದ್ದು ಗೊರಕೆ.

ಆಕೆ ಕೀಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಗೇಟಿನ ಆಚೆ, ಹತ್ತೇ ಮಾರು ದೂರದಲ್ಲಿ, ಘಾಟಿಯ ಮೊದಲ ಇಳಿಜಾರು ಶುರುವಾಗುತ್ತಿತ್ತು.