ತೇಗು ಬಾರದ ಕರು

ದನಗಳ ತೇಗಿನಿಂದ ಹೊರಡುವ ಅನಿಲ ಭೂಮಿಯನ್ನು ಬಿಸಿ ಮಾಡುತ್ತಿದೆ, ಅದನ್ನು ಅಳೆದು ತಗ್ಗಿಸಿ ಎಂದು ಆದೇಶ ಬಂದಾಗಿನಿಂದ ಅಧಿಕಾರಿ ವೃಷಭೇಂದ್ರರಿಗೆ ನೆಮ್ಮದಿಯಿರಲಿಲ್ಲ. ಯಾವ ದನದ ಮೂತಿಗೆ ಹಿಡಿದರೂ ಅನಿಲ ಅಳೆಯುವ ಯಂತ್ರ ಬೊಬ್ಬೆ ಹೊಡೆಯುತ್ತಿತ್ತು. ಸಣ್ಣಲಿಂಗಮ್ಮನ ಕತ್ತಲು ಕೊಟ್ಟಿಗೆಯಲ್ಲಿ, ಹಸುವಿನ ಪಕ್ಕ ನಿಂತಿದ್ದ ಕರುವಿನ ಮುಂದೆ ಮಾತ್ರ ಅದು ಸೊನ್ನೆ ತೋರಿಸಿ ಸುಮ್ಮನಾಯಿತು.

“ಅಮ್ಮಾ, ಇದಕ್ಕೆ ಏನು ತಿನ್ನಿಸ್ತೀರಿ?” ವೃಷಭೇಂದ್ರರು ಯಂತ್ರವನ್ನು ಇನ್ನೊಮ್ಮೆ ಹಿಡಿದು ನೋಡಿದರು.

“ಒಣಹುಲ್ಲು ಸ್ವಾಮಿ. ಒಂದೇ ಸಲ ಹೊಟ್ಟೆ ತುಂಬ ಹಾಕಿದ್ದು. ಆಮೇಲೆ ಏನೂ ಕೇಳಿಲ್ಲ, ಪಾಪ.”

“ನೀರು?”

“ಅಯ್ಯೋ, ನೀರು ತಾಕಿಸಂಗೇ ಇಲ್ಲ!”

ವೃಷಭೇಂದ್ರರು ಕರುವಿಗೆ ಕೈ ಮುಗಿದೇಬಿಟ್ಟರು. “ಭೂಮಿ ಉಳಿಸೋ ತಳಿ ಕಣಮ್ಮಾ ಇದು! ಹಗ್ಗ ಬಿಚ್ಚಿ, ಜೀಪಿನ ತನಕ ನಡೆಸ್ಕೊಂಡು ಹೋಗೋಣ.”

“ನಡೆಯೋದೆಲ್ಲಿ ಬಂತು ಸ್ವಾಮಿ? ಕರ ಸತ್ತೋಯ್ತು. ಅದನ್ನ ಕಾಣದೆ ಹಸ ಹಾಲು ಕೊಡಲ್ಲ ಅಂತ ಅದರ ಚರ್ಮಕ್ಕೇ ಹುಲ್ಲು ತುಂಬಿ ನಿಲ್ಸಿದೀವಿ.”

ಅವರು ಕರುವಿನ ಹೊಟ್ಟೆಯನ್ನು ಬೆರಳಿನಿಂದ ಒತ್ತಿ ನೋಡಿದರು. ಒಳಗೆ ಹುಲ್ಲು ಚರಚರ ಎಂದಿತು. ಅಂಗಳಕ್ಕೆ ಬಂದು ಮೇಲಧಿಕಾರಿಗೆ ಫೋನ್ ಮಾಡಿದರು.

“ಸರ್, ಜಿಲ್ಲೆಯ ಅಷ್ಟೂ ದನಗಳ ತೇಗು ನಿಲ್ಲಿಸಬಹುದು. ಹುಲ್ಲು ಮಾತ್ರ ಸ್ವಲ್ಪ ಜಾಸ್ತಿ ಬೇಕಾಗುತ್ತೆ.”