ಒಂಟಿ ಸೀನು

ಕೆಂಡದ ಮೇಲೆ ಬಿದ್ದ ಒಣಮೆಣಸಿನಕಾಯಿ ಚಟಪಟ ಅಂದವು. ಸುನೀತಾ ಮೂಗನ್ನು ಹಿಂಡಿ ಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು, ಮಂತ್ರದ ಮೂರನೆಯ ಸಾಲಿನವರೆಗೂ ಹೇಗೋ ಬಂದಳು. ನೆಲದ ಮೇಲಿದ್ದ ನಿಂಬೆಹಣ್ಣು ತಾನಾಗಿಯೇ ಉರುಳತೊಡಗಿತ್ತು. ಅಷ್ಟರಲ್ಲಿ, "ಆಕ್ಷೀ!" ನಿಂಬೆಹಣ್ಣು ಇದ್ದಲ್ಲೇ ನಿಂತಿತು.

"ಮುಗೀತು," ಎಂದಳು ದುರುಗಜ್ಜಿ. "ಒಂಟಿ ಸೀನು ಬಿದ್ರೆ ಯಾವ ಮಂತ್ರ ನಡೀತೈತೆ? ಈ ಮನೆ ಹೆಣ್ಮಕ್ಕಳು ಏಳು ತಲೆಮಾರಿಂದ ಹೊಗೆಗೆ ಸೀನಿದ್ದಿಲ್ಲ. ನೀನೊಬ್ಬಾಕಿ ಹುಟ್ಟಿದೆ ನೋಡು!"

ಸೊಕ್ಕೆ ಊರಿನ ಸುತ್ತ ಮಾಟ ಎಂದರೆ ದುರುಗಜ್ಜಿಯೇ. ಈ ಪರೀಕ್ಷೆ ಗೆದ್ದಿದ್ದರೆ ಅವಳ ಮಾಟದ ನವಿಲುಗರಿ ಕಟ್ಟು ಇವತ್ತು ಮೊಮ್ಮಗಳ ಕೈಗೆ ಬರಬೇಕಿತ್ತು. ಬರದಿದ್ದರೆ ಅದು ಬಸವಾಪಟ್ಟಣದ ಚಿಕ್ಕಮ್ಮನ ಮಗಳು ಕಲ್ಪನಾಳ ಪಾಲು. ಅವಳು ಹತ್ತನೇ ವಯಸ್ಸಿಗೇ ನಿಂಬೆಹಣ್ಣನ್ನು ಮೆಟ್ಟಿಲು ಹತ್ತಿಸಿದ್ದಳಂತೆ. ನೆಂಟರು ಸೇರಿದಲ್ಲೆಲ್ಲ ಅದೇ ಪುರಾಣ. ಸುನೀತಾಗೆ ಹೊಟ್ಟೆಯೂ ಉರಿಯಿತು, ಅಳುವೂ ಬಂತು. ಹಾಗಾದರೆ ಈ ಮನೆಯಲ್ಲಿ ತಾನು ಯಾತಕ್ಕೆ ಬೇಕು?

"ಕಣ್ಬಿಟ್ಟು ನೋಡು, ಹೆಂಗೆ ಮಾಡ್ಬೇಕಂತ," ಎನ್ನುತ್ತಾ ಅಜ್ಜಿ, ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಗಂಡನಿಗೆ ನವಿಲುಗರಿ ಮೂರು ಸುತ್ತು ನೀವಾಳಿಸಿದಳು.

"ಏಯ್, ನನ್ನ ಮ್ಯಾಲೆ ಯಾಕೇ..." ಎಂದು ಶುರು ಮಾಡಿದ ಮೂಕಪ್ಪಜ್ಜ, "ಕೊಕ್ಕೊಕ್ಕೋ" ಎಂದು ಮುಗಿಸಿದ. ಪಂಚೆ, ಅಂಗಿಯ ರಾಶಿಯ ಮೇಲೆ ಒಂದು ಕೆಂಪು ಹುಂಜ ನಿಂತಿತ್ತು.

ತಿರುಗಿ ಮನುಷ್ಯನನ್ನಾಗಿಸುವ ಮಂತ್ರದ ಎರಡನೇ ಸಾಲಿಗೆ ಅಜ್ಜಿ ತಡವರಿಸಿದಳು. ಮೊದಲಿಂದ ಹೇಳಿದಳು. ಹುಂಜದ ಬಾಲ ಇನ್ನಷ್ಟು ಉದ್ದವಾಯಿತು. ಅಜ್ಜಿಯ ಮುಖ ಬಿಳಿಚಿಕೊಂಡಿತು. "ಸಾಲೇ ಮರೆತು ಹೋಗೈತೆ ಕಣೇ..."

ಸುನೀತಾಗೆ ತಟ್ಟನೆ ಹೊಳೆಯಿತು. "ಮಂತ್ರ ಬ್ಯಾಡ ಅಜ್ಜಿ, ನಾನು ಸೀನ್ತೀನಿ!" ಕೆಂಡದ ಮುಂದೆ ಹೋಗಿ ಕೂತಳು. ಮೆಣಸಿನಕಾಯಿ ಆಗಲೇ ಸುಟ್ಟು ಬೂದಿಯಾಗಿದ್ದವು. ಬೇಡವೆಂದಾಗ ಬರುತ್ತಿದ್ದ ಸೀನು ಬೇಕೆಂದಾಗ ಬರಲೇ ಇಲ್ಲ.

"ಸೀನೇ ನಮ್ಮವ್ವ, ಸೀನು! ಗೇಟಿನಾಗೆ ನಾಯಿ ನಿಂತು ನೋಡ್ತೈತೆ!" ಎಂದು ಅಜ್ಜಿ ಅವಸರಿಸಿದಳು.

ಹುಂಜ ಗಾಬರಿಯಿಂದ ಪಂಚೆಯನ್ನು ಕೆದರಿತು. ಅದರ ಮಡಿಕೆಯಿಂದ ಪುಟ್ಟ ಡಬ್ಬಿಯೊಂದು ಉರುಳಿ ಬಂತು. ನಶ್ಯ! ಸೀನು ಬರಿಸುವ ಆ ಪುಡಿಗೆ ಈ ಮನೆಯಲ್ಲಿ ನಲವತ್ತು ವರ್ಷದಿಂದ ಪ್ರವೇಶವಿರಲಿಲ್ಲ.

"ಬಿಟ್ಟೀನಿ ಅಂತ ನನ್ನ ಮ್ಯಾಲೆ ಆಣೆ ಮಾಡಿದ್ರಲ್ರೀ!" ಅಜ್ಜಿ ಹುಂಜವನ್ನು ದುರುಗುಟ್ಟಿ ನೋಡಿದಳು. ಹುಂಜ ತಲೆಯನ್ನು ರೆಕ್ಕೆಯೊಳಗೆ ಹುದುಗಿಸಿಕೊಂಡಿತು.

ಸುನೀತಾ ಒಂದು ಚಿಟಿಕೆ ಮೂಗಿಗೇರಿಸಿ, ಮನೆ ಅದುರುವಂತೆ ಸೀನಿದಳು. ಪಂಚೆ ಎಳೆದುಕೊಳ್ಳುತ್ತಾ ಎದ್ದು ಕೂತ ಮೂಕಪ್ಪಜ್ಜ, "ಯಾವತ್ತಾದ್ರೂ ಉಪಯೋಗಕ್ಕೆ ಬರ್ತೈತೆ ಅಂತಾನೇ ಇಟ್ಕೊಂಡಿದ್ದೆ ಕಣೇ," ಎಂದ.

ಅಜ್ಜಿ ನವಿಲುಗರಿ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿದಳು. "ಇದು ಕಲ್ಪನಾಗೇ ಹೋಗ್ಲಿ," ಎಂದಳು. ಸುನೀತಾ ತಲೆ ತಗ್ಗಿಸಿದಳು.

ದುರುಗಜ್ಜಿ ನಶ್ಯದ ಡಬ್ಬಿಯನ್ನು ಸೆರಗಿನಿಂದ ಒರೆಸಿದಳು, ಅದರ ಮುಚ್ಚಳಕ್ಕೆ ಕುಂಕುಮ ಹಚ್ಚಿ ಮೊಮ್ಮಗಳ ಅಂಗೈಯಲ್ಲಿಟ್ಟಳು.

"ತಗೋ. ನಾವು ಮಾಡಿದ್ದನ್ನ ಒಂದೇ ಸೀನಿಗೆ ಬಿಡಿಸಾಕೆ ಈ ಮನೆಯಾಗೆ ಇಲ್ಲೀತಂಕ ಯಾರೂ ಇದ್ದಿಲ್ಲ."